ಜೇನುಗಂಧದ ಕಳ್ಳಿ

ಕಳ್ಳಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಹೊಲದ ಬೇಲಿ. ದನಕರುಗಳು ಬಾಯಿಹಾಕದ, ಮುರಿದರೆ ಬಿಳಿಯ ಹಾಲನ್ನು ಸುರಿಸುವ, ಆ ಹಾಲು ಕಣ್ಣಿಗೆ ಸಿಡಿದರೆ ಉರಿಯಿಂದ ಒದ್ದಾಡಿಸುವ ಗಿಡವನ್ನು ಕೈತೋಟದಲ್ಲಿ ಆದರದಿಂದ ಬೆಳೆಸುವವರು ವಿರಳ. ಆದರೆ ಈ ಕುಲ ಬಹಳ ದೊಡ್ಡದು. ಸಸ್ಯಶಾಸ್ತ್ರಜ್ಞರು ಯುಫೋರ್ಬಿಯ ಎಂದು ಕರೆಯುವ ಈ ಕುಲದಲ್ಲಿ ಸುಮಾರು ೨,೦೦೦ ಜಾತಿಗಳುಂಟು. ಬೇಲಿಯ ಕೋಲುಕಳ್ಳಿಯೂ, ಚಳಿಗಾಲದಲ್ಲಿ ಬೆಂಗಳೂರು ಮೈಸೂರುಗಳ ಬಂಗಲೆಗಳ ಮುಂದೆ ಕೆಂಪೆಲೆಗಳಿಂದ ಮೆರೆಯುವ ಪಾಯಿನ್ಸೆಟಿಯವೂ ಇದಕ್ಕೆ ಸೇರಿದವು. ಪಾಪಾಸುಕಳ್ಳಿ ಮಾತ್ರ ಹೆಸರಿನಲ್ಲಿ ಕಳ್ಳಿಯಾದರೂ ಬೇರೆ ವಂಶದ್ದು. ಇದೇ ಕುಲದಲ್ಲಿ ಮುಳ್ಳಿಲ್ಲದೆ, ವರ್ಷವಿಡೀ ಹಸುರಾಗಿದ್ದು, ವಸಂತದಲ್ಲಿ ಜೇನಿನ ಪರಿಮಳವನ್ನು ಬೀರುವ ಒಂದು ಗಿಡವಿದೆ. ಅದರ ಶಾಸ್ತ್ರೀಯ ನಾಮ ಯುಫೋರ್ಬಿಯ ಮೆಲ್ಲಿಫೆರ. ಮೆಲ್ಲಿಫೆರ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಜೇನನ್ನು ಧರಿಸಿದ್ದು. ನಾವು ಇದನ್ನು ಜೇನುಗಳ್ಳಿ ಎನ್ನೋಣ. ಇದು ಕಾಡಿನಿಂದ ತೋಟಕ್ಕೆ ಬಂದ ಚರಿತ್ರೆಯನ್ನು ಈ ಹೊತ್ತು ಶ್ರೋತೃಗಳ ಮುಂದೆ ಇಡುತ್ತೇವೆ.

ಮೊದಲು ಹೆಸರಿನ ಸಂಗತಿ. ಕ್ರಿಸ್ತಶಕದ ಆರಂಭದ ಕಾಲದಲ್ಲಿ ಉತ್ತರ ಆಫ್ರಿಕದ ಮಾರಿಟೇನಿಯ ದೇಶವನ್ನು ಎರಡನೆಯ ಜೂಬ ಎಂಬ ವಿದ್ಯಾಪ್ರಿಯನಾದ ಅರಸನು ಆಳುತ್ತಿದ್ದನು. ಅಟ್ಲಾಸ್ ಪರ್ವತದಲ್ಲಿ ದೊರೆತ ಹಾಲುಗಿಡವೊಂದಕ್ಕೆ ಆತನು ತನ್ನ ಆಸ್ಥಾನವೈದ್ಯನಾದ ಯುಫೋರ್ಬಸನ ಹೆಸರನ್ನಿಟ್ಟನೆಂದೂ, ಅದರ ಗುಣಗಳನ್ನು ಕುರಿತು ಒಂದು ಗ್ರಂಥವನ್ನೇ ಬರೆದನೆಂದೂ ರೋಮಿನ ಪ್ಲಿನಿ ಹೇಳುತ್ತಾನೆ. ಸ್ವೀಡನ್ನಿನ ಲಿನೇಯಸ್ ಪಂಡಿತನು ೧೭೫೩ರಲ್ಲಿ ಸಸ್ಯಗಳಿಗೆಲ್ಲ ಕ್ರಮವಾದ ಹೆಸರುಗಳನ್ನು ಕೊಟ್ಟಾಗ ಈ ಪ್ರಾಚೀನ ನಾಮವನ್ನೇ ಉಳಿಸಿಕೊಂಡನು. ಇಲ್ಲಿ ಒಂದು ವಿಶೇಷವುಂಟು. ಆಫ್ರಿಕದ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿರುವ ಕೆನರಿ ದ್ವೀಪಗಳ ವರ್ಣನೆಯನ್ನೂ ಪ್ಲಿನಿಯು ಇದೇ ಜೂಬರಾಜನ ಬರಹದಿಂದ ತೆಗೆದುಕೊಂಡಿದ್ದಾನೆ. ನಮ್ಮ ಜೇನುಗಳ್ಳಿಯು ಹುಟ್ಟಿ ಬೆಳೆದ ನಾಡು ಆ ದ್ವೀಪಗಳೂ ಅವುಗಳ ಉತ್ತರಕ್ಕಿರುವ ಮದೀರ ದ್ವೀಪವೂ ಅಲ್ಲದೆ ಬೇರೆಯಲ್ಲ. ಕುಲಕ್ಕೆ ಹೆಸರಿಟ್ಟ ಅರಸನೇ ಅದರ ತವರುಗಳಲ್ಲೊಂದನ್ನು ಲೋಕಕ್ಕೆ ತಿಳಿಸಿದಂತಾಯಿತು.

ಪೋರ್ಚುಗೀಸ್ ನಾವಿಕರಾದ ಜಾರ್ಕೊ ಮತ್ತು ಟೆಶೇರ ಎಂಬವರು ೧೪೧೯ರಲ್ಲಿ ಮದೀರಕ್ಕೆ ಬಂದಿಳಿದಾಗ ಅಲ್ಲಿ ಮನುಷ್ಯರಿರಲಿಲ್ಲ. ನೀರಿನ ಅಂಚಿನವರೆಗೂ ದಟ್ಟವಾದ ಕಾಡು ಕವಿದಿತ್ತು. ಮದೀರ ಎಂಬ ಮಾತಿಗೆ ಅವರ ಭಾಷೆಯಲ್ಲಿ ಮರವೆಂದೇ ಅರ್ಥ. ಅದು ಸಾಧಾರಣವಾದ ಕಾಡಲ್ಲ. ಹಿಮಯುಗಗಳಿಗೆ ಮುಂಚೆ ದಕ್ಷಿಣ ಯೂರೋಪಿನಲ್ಲಿ ಹಬ್ಬಿದ್ದ ನಿತ್ಯಹರಿದ್ವರ್ಣದ ವನಗಳು ಭೂಖಂಡದಲ್ಲಿ ಅಳಿದುಹೋದ ಮೇಲೆ, ಚಳಿಯ ಹೊಡೆತ ತಗಲದ ಈ ದ್ವೀಪಗಳಲ್ಲಿ ಮಾತ್ರ ಅವುಗಳ ಶೇಷವು ಉಳಿದಿತ್ತು. ಹೊಸದಾಗಿ ಬಂದ ಒಕ್ಕಲಿಗರು ಬೇಸಾಯಕ್ಕೆಂದು ಕಾಡಿಗೆ ಬೆಂಕಿಯಿಟ್ಟರು. ೧೪೫೫ರಲ್ಲಿ ಅಲ್ಲಿಗೆ ಹೋಗಿದ್ದ ವೆನಿಸ್ಸಿನ ಯಾತ್ರಿಕ ಕಾಡಮೋಸ್ಟೊ ಕೇಳಿ ಬರೆದಿಟ್ಟಂತೆ, ಬೆಂಕಿಯು ಕೈಮೀರಲಾಗಿ ಜನರು ಹೆಂಗಸರು ಮಕ್ಕಳೊಡನೆ ಕತ್ತಿನವರೆಗೆ ಸಮುದ್ರಕ್ಕಿಳಿದು ಎರಡು ಹಗಲು ಎರಡು ರಾತ್ರಿ ನಿಂತಿರಬೇಕಾಯಿತು. ಬೆಂಕಿಯ ತರುವಾಯ ಕಬ್ಬು ಬಂತು. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿಗೆ ಸಕ್ಕರೆಯನ್ನು ಒದಗಿಸುವ ಸ್ಥಳಗಳಲ್ಲಿ ಮದೀರ ಮುಖ್ಯವಾಗಿತ್ತು. ಕಬ್ಬಿನ ಹಾಲನ್ನು ಕಾಯಿಸುವ ಒಲೆಗಳಿಗೆ ಮರಗಳು ಸೌದೆಯಾದುವು. ಉತ್ತರದ ಕಡಿದಾದ ಕಣಿವೆಗಳಲ್ಲಿ ಮಾತ್ರ ಕಾಡು ಉಳಿಯಿತು. ಜೇನುಗಳ್ಳಿಯೂ ಅಲ್ಲಿಯೇ ಉಳಿಯಿತು.

ಆ ಕಾಲಕ್ಕೆ ಪೂರ್ವದೇಶಗಳಿಗೆ ಹೊರಟ ಹಡಗುಗಳು ನೀರಿಗೂ ದ್ರಾಕ್ಷಾಮದ್ಯಕ್ಕೂ ಮದೀರದಲ್ಲಿ ತಂಗುವುದು ವಾಡಿಕೆ. ವ್ಯಾಪಾರಿಗಳ ಹಿಂದೆಯೇ ಸಸ್ಯಸಂಗ್ರಾಹಕರೂ ಬಂದರು. ಲಂಡನ್ನಿನ ಸಮೀಪದ ಕ್ಯೂ ರಾಜೋದ್ಯಾನದ ಪರವಾಗಿ ಫ್ರಾನ್ಸಿಸ್ ಮ್ಯಾಸನ್ ಎಂಬ ತೋಟಗಾರನು ೧೭೭೬ರಲ್ಲಿಯೂ ಮತ್ತೆ ೧೭೮೩ರಲ್ಲಿಯೂ ಹೊರಟು ಈ ದ್ವೀಪಗಳಲ್ಲಿ ಗಿಡಗಳನ್ನು ಹುಡುಕಿದನು. ಕ್ಯೂ ಉದ್ಯಾನದ ಅಧಿಕಾರಿಯಾಗಿದ್ದ ವಿಲಿಯಂ ಐಟನ್ ೧೭೮೯ರಲ್ಲಿ ಪ್ರಕಟಿಸಿದ ಸಸ್ಯಸೂಚಿಯಲ್ಲಿ ಜೇನುಗಳ್ಳಿಗೆ ಈಗಿನ ಶಾಸ್ತ್ರೀಯ ನಾಮ ದೊರೆಯಿತು. ನಮ್ಮ ಲಾಲ್‌ಬಾಗಿಗೆ ಕೀರ್ತಿ ತಂದ ಕ್ರುಂಬಿಗಲ್ ಅವರೂ ಇಂಡಿಯಕ್ಕೆ ಬರುವ ಮೊದಲು ಇದೇ ಕ್ಯೂ ಉದ್ಯಾನದಲ್ಲಿ ಕೆಲಸಮಾಡಿದವರೆಂಬುದು ಇಲ್ಲಿ ಸ್ಮರಣೀಯ.

ಬೆಚ್ಚನೆಯ ದ್ವೀಪದ ಗಿಡವು ಇಂಗ್ಲೆಂಡಿನ ಚಳಿಯನ್ನು ಹೇಗೆ ತಾಳೀತು? ಒಳನಾಡಿನ ಕಟುವಾದ ಹಿಮವನ್ನು ಇದು ತಾಳದು. ಆದರೆ ಉಷ್ಣಪ್ರವಾಹವೊಂದು ಅಟ್ಲಾಂಟಿಕ್ ಸಾಗರವನ್ನು ದಾಟಿ ಕಾರ್ನ್‌ವಾಲ್ ಮತ್ತು ಐರ್ಲೆಂಡುಗಳ ತೀರವನ್ನು ಸೋಕುವುದರಿಂದ ಅಲ್ಲಿಯ ಚಳಿಗಾಲ ಸೌಮ್ಯ. ಅಲ್ಲಿಯ ತೋಟಗಳಲ್ಲಿ ಜೇನುಗಳ್ಳಿ ಬಯಲಿನಲ್ಲಿಯೇ ಬೆಳೆದು, ತಾನೇ ಬೀಜವುದುರಿಸಿ ಮರಿಗಳನ್ನು ಎಬ್ಬಿಸುತ್ತದೆ. ತವರಿನ ಕಾಡಿನಲ್ಲಿ ಮರವಾಗಬಲ್ಲ ಈ ಗಿಡ ತೋಟದಲ್ಲಿ ಸಾಮಾನ್ಯವಾಗಿ ಆರೇಳು ಅಡಿಯ ಗುಂಡಗಿನ ಪೊದೆ. ನೀಳವಾದ ಹಸುರೆಲೆಯ ನಡುವೆ ತಿಳಿಬಣ್ಣದ ನರ. ಹೂಗೊಂಚಲಿನದು ಕಂದು ಬೆರೆತ ಕಿತ್ತಳೆಯ ಬಣ್ಣ. ನೋಟಕ್ಕೆ ಅದು ಅಷ್ಟೇನೂ ಆಡಂಬರದ್ದಲ್ಲ. ಬಿಸಿಲೇರಿದ ಹೊತ್ತಿನಲ್ಲಿ ಅದರ ಪರಿಮಳವು ತೋಟದ ಆಚೆಯ ತುದಿಯವರೆಗೂ ಹೋಗುತ್ತದೆ.

ಇದನ್ನು ಸಾಕುವುದು ಕಷ್ಟವಲ್ಲ. ನೀರು ನಿಲ್ಲದ ಮಣ್ಣು, ಗಾಳಿಗೆ ಗೋಡೆಯ ಮರೆ, ಬಿಸಿಲು ಇಲ್ಲವೆ ಅರೆನೆರಳು ಇದ್ದರೆ ಸಾಕು. ಹಿಮಕ್ಕೆ ಮೇಲಿನ ಕೊಂಬೆಗಳು ಸತ್ತರೂ ಅನೇಕ ವೇಳೆ ಬುಡದಿಂದ ಚಿಗುರುವುದುಂಟು. ಬಲಿತ ಕೊಂಬೆಗಳನ್ನು ಬುಡಕ್ಕೆ ಕತ್ತರಿಸಿದರೆ ಪೊದೆಯ ಅಂದ ಉಳಿಯುತ್ತದೆ. ಆದರೆ ಪರಿಮಳವಿದ್ದ ಮಾತ್ರಕ್ಕೆ ಕಳ್ಳಿಯ ಗುಣ ಹೋಗಿಲ್ಲ. ಇದರ ಹಾಲೂ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಅಪಾಯ. ಕೈಚೀಲ ತೊಡದೆ ಕತ್ತರಿ ಹಿಡಿಯತಕ್ಕದ್ದಲ್ಲ.

ಇನ್ನು ವಿಚಾರಮಾಡತಕ್ಕ ವಿಷಯವೊಂದಿದೆ. ದೂರದ ತೋಟಗಳಲ್ಲಿ ಕಳೆಯಂತೆ ಮೊಳೆಯುವ ಈ ಗಿಡ, ಕೆನರಿ ದ್ವೀಪಗಳ ಕಾಡುಗಳಲ್ಲಿ ಬಹು ವಿರಳವಾಗಿದೆ. ತೋಟದಲ್ಲಿ ಬದುಕಿದೆಯಲ್ಲ, ಚಿಂತೆಯೇಕೆ ಎನ್ನಬಹುದು. ಇದಕ್ಕೆ ಉತ್ತರವು ಆಕ್ಸ್‌ಫರ್ಡಿನ ಸಸ್ಯೋದ್ಯಾನದಲ್ಲಿ ದೊರೆಯುತ್ತದೆ. ಅಜೋರ್ಸ್ ದ್ವೀಪಗಳಲ್ಲಿ ಜೇನುಗಳ್ಳಿಯ ಹತ್ತಿರದ ಬಂಧುವಾದ ಇನ್ನೊಂದು ಕಳ್ಳಿಯುಂಟು. ನಡುವೆ ಸಮುದ್ರವಿದ್ದುದರಿಂದ ಇವೆರಡೂ ತವರಿನಲ್ಲಿ ಒಂದೆಡೆ ಸೇರಿರಲಿಲ್ಲ. ಆಕ್ಸ್‌ಫರ್ಡಿನಲ್ಲಿ ಎರಡನ್ನೂ ಬೆಳೆಸಿದಾಗ ಅವು ಕೂಡಿ ಮಿಶ್ರಸಂತಾನ ಹುಟ್ಟಿತು. ಈ ಮಿಶ್ರಜಾತಿ ಸೊಗಸಾದುದೆಂದು ತೋಟಗಾರರು ಮೆಚ್ಚಿದ್ದಾರೆ. ಆದರೆ ಅಂಥ ತೋಟದ ಬೀಜವನ್ನು ಕಾಡಿಗೆ ಹಿಂದಿರುಗಿಸಿದರೆ ಕಾಡಿನ ಗಿಡ ಹಿಂದಿರುಗಿದಂತೆ ಆಗಲಾರದು.

ಮದೀರದಲ್ಲಿ ಉಳಿದಿರುವ ಈ ಪ್ರಾಚೀನ ವನ ಸುಮಾರು ೧೫,೦೦೦ ಹೆಕ್ಟೇರು, ದ್ವೀಪದ ಐದನೆಯ ಒಂದು ಪಾಲು. ಯುನೆಸ್ಕೊ ಸಂಸ್ಥೆಯು ೧೯೯೯ರಲ್ಲಿ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸಮುದ್ರದಿಂದ ಏರಿಬರುವ ಮಂಜನ್ನು ಈ ಮರಗಳ ಎಲೆಗಳು ತಡೆದು ಹನಿಯಾಗಿ ನೆಲಕ್ಕಿಳಿಸುತ್ತವೆ. ಆ ನೀರೇ ಲೆವಾದಗಳೆಂಬ ಕಾಲುವೆಗಳಲ್ಲಿ ಹರಿದು ದಕ್ಷಿಣದ ಹೊಲಗಳಿಗೂ ಊರುಗಳಿಗೂ ಒದಗುತ್ತದೆ. ಹಿಂದೆ ಕಬ್ಬಿನ ಗದ್ದೆಗಳಿಗೆ ನೀರುಣಿಸಿದ್ದೂ ಇವೇ ಕಾಲುವೆಗಳು. ಕಬ್ಬಿಗಾಗಿ ಕಾಡನ್ನು ಸುಟ್ಟವರಿಗೆ ಆ ಕಬ್ಬಿನ ನೀರನ್ನೂ ಕೊಟ್ಟದ್ದು ಸುಡದೆ ಉಳಿದ ಕಾಡು. ಪರಿಮಳವನ್ನು ತೋಟಕ್ಕೆ ತಂದುಕೊಳ್ಳಬಹುದು. ಮಂಜನ್ನು ಹಿಡಿಯುವ ಕೆಲಸ ಆ ಬೆಟ್ಟಗಳ ಮೇಲೆಯೇ ನಡೆಯಬೇಕು.