ಟೀವಿ ಗೇಮ್ ಕ್ಯಾಸೆಟ್‌ನಲ್ಲಿ ನಿಜಕ್ಕೂ 99,99,999 ಗೇಮ್‌ಗಳಿದ್ದವೇ?

ಜಯನಗರ, ಬನಶಂಕರಿ ಕಡೆಯ ಮನೆಗಳಲ್ಲಿ ಬೇಸಿಗೆ ರಜೆಯಿಡೀ ಟೀವಿ ಗೇಮ್ ಆಡಿದವರಿಗೆ ‘9999999 ಇನ್ 1’ ಎಂಬ ಚೀಟಿ ಅಂಟಿಸಿದ ಕ್ಯಾಸೆಟ್ ನೆನಪಿರುತ್ತದೆ. ಅದರ ಫೋಟೋ ಈಗಲೂ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಓಡಾಡುತ್ತದೆ. ಅಷ್ಟು ಗೇಮ್ ಅದರಲ್ಲಿತ್ತೇ?

ಇರಲಿಲ್ಲ. ಲೆಕ್ಕ ಹಾಕೋಣ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಗೇಮ್ ಕೇವಲ 40 ಕೆಬಿ. ಅಂಥ 99,99,999 ಗೇಮ್ ಸೇರಿದರೆ ಸುಮಾರು 380 ಜಿಬಿ, ಅಂದರೆ 128 ಜಿಬಿಯ ಮೂರು ಫೋನ್ ಭರ್ತಿ!

ಹಾಗಾದರೆ ಪಟ್ಟಿ ಮುಗಿಯುತ್ತಲೇ ಇರಲಿಲ್ಲವಲ್ಲ? ಅಲ್ಲೇ ಇತ್ತು ಕೈಚಳಕ. ಒಳಗಿದ್ದದ್ದು ಬೆರಳೆಣಿಕೆಯ ಗೇಮ್‌ಗಳು. ಪಟ್ಟಿಯ ಸಂಖ್ಯೆ ಬದಲಾದಂತೆ ಅದೇ ಗೇಮ್ ಬೇರೆ ಹಂತದಿಂದಲೋ, ಹೆಚ್ಚು ಲೈಫ್‌ನೊಂದಿಗೋ ಶುರುವಾಗುತ್ತಿತ್ತು. ಗೇಮ್‌ನ ಯಾವ ಅಂಕಿ ಹಂತವನ್ನು ಹೇಳುತ್ತದೆ ಎಂದು ಹುಡುಕಿ, ಅದನ್ನು ತಿದ್ದಿದರೆ ಸಾಕು. ಇದಕ್ಕೆ ಹ್ಯಾಕ್ ಎನ್ನುತ್ತಾರೆ. ಹಳೆಯ ಗೇಮ್‌ಗಳಿಗೆ ಹೊಸ ಹಂತ, ಹೊಸ ಚಿತ್ರ ಸೇರಿಸುವ ಹವ್ಯಾಸಿಗಳು ಇವತ್ತಿಗೂ ಮಾಡುವುದು ಇದನ್ನೇ.

ಸಂಖ್ಯೆ ಸುಳ್ಳು, ಸರಿ. ಆದರೆ ಆ ಪಟ್ಟಿಯ ಪರದೆಯನ್ನು ಮಾಡಿದವರನ್ನು ಬರೀ ಮೋಸಗಾರರು ಎನ್ನಲು ನಮಗೆ ಮನಸ್ಸಿಲ್ಲ. ಕೆಲವು ಕ್ಯಾಸೆಟ್‌ಗಳಲ್ಲಿ ಹಿಂದೆ ಕಡಲತೀರ, ಜೊತೆಗೊಂದು ಮೆಲು ರಾಗ ಇರುತ್ತಿತ್ತು, ನೆನಪಿದೆಯೇ? ಅದು 1955ರ ಇಂಗ್ಲಿಷ್ ಹಾಡು ‘ಅನ್‌ಚೈನ್ಡ್ ಮೆಲೊಡಿ’. ಈ ಯಂತ್ರಕ್ಕೆ ಇದ್ದದ್ದು ಐದೇ ದನಿ: ರಾಗಕ್ಕೆ ಎರಡು, ಕೆಳಸ್ವರಕ್ಕೆ ಒಂದು, ತಾಳಕ್ಕೆ ‘ಚ್ಶ್’ ಎನ್ನುವ ಸದ್ದೊಂದು, ರೆಕಾರ್ಡ್ ಮಾಡಿದ ಚಿಕ್ಕ ತುಣುಕುಗಳಿಗೆ ಇನ್ನೊಂದು. ಮೂರು ಸ್ವರ ಒಟ್ಟಿಗೆ ಬೇಕೆಂದರೆ ಅವನ್ನು ಒಂದರ ಹಿಂದೊಂದು ಸರಸರನೆ ನುಡಿಸಿ ಕಿವಿಯನ್ನೇ ಯಾಮಾರಿಸುತ್ತಿದ್ದರು. ಚಿಪ್‌ಟ್ಯೂನ್ ಎಂಬ ಸಂಗೀತ ಪ್ರಕಾರದವರು ಈಗಲೂ ಈ ಉಪಾಯ ಬಳಸುತ್ತಾರೆ. ಚಿತ್ರದಲ್ಲೂ ಇಂಥದೇ ಉಳಿತಾಯ: ಮಾರಿಯೋದ ಮೋಡಕ್ಕೆ ಹಸಿರು ಬಳಿದರೆ ಅದೇ ಪೊದೆ.

ಅಂದಹಾಗೆ, ಕ್ಯಾಸೆಟ್‌ಗೆ ಊದಿದರೆ ಸರಿಹೋಗುತ್ತದೆ ಎಂಬುದೂ ತಪ್ಪು. ತೆಗೆದು ಮತ್ತೆ ಹಾಕಿದಾಗ ಪಿನ್‌ಗಳು ಸರಿಯಾಗಿ ಕೂಡುತ್ತಿದ್ದವು, ಅಷ್ಟೇ. ಬಾಯಿಯ ತೇವದಿಂದ ಪಿನ್ ತುಕ್ಕು ಹಿಡಿಯುತ್ತದೆ. ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಹೇಳಿದೆ.

ಈಗ ಆನ್‌ಲೈನ್‌ನಲ್ಲಿ ‘620 ಇನ್ 1’ ಪೆಟ್ಟಿಗೆಗಳು ಸಿಗುತ್ತವೆ. ಮಕ್ಕಳಿಗೆ ಕೊಳ್ಳುವ ಮುಂಚೆ ಗೇಮ್‌ಗಳ ಪೂರ್ತಿ ಪಟ್ಟಿ ಕೇಳಿ, ಒಂದೇ ಗೇಮ್ ಎಷ್ಟು ಸಲ ಬಂದಿದೆ ಎಂದು ಎಣಿಸಿ ನೋಡಿ.