ಎಲ್ಲಿಗೂ ಮುಟ್ಟದ ಲಿವರ್

ಹಳೇ ಜೀಪಿನಲ್ಲಿ ಡ್ರೈವರ್ ಪಕ್ಕ ನೆಲದಿಂದ ಮೂರು ಲಿವರ್ ಎದ್ದು ನಿಂತಿರುತ್ತವೆ. ಒಂದು ಮಾಮೂಲಿ ಗೇರಿನದು. ಉಳಿದೆರಡು ಗಿಡ್ಡ. ಅವುಗಳಲ್ಲಿ ಒಂದು ಎಂಜಿನ್ ಬಲವನ್ನು ಮುಂದಿನ ಗಾಲಿಗಳಿಗೂ ಕೊಡುತ್ತದೆ, ಇನ್ನೊಂದು ಗಾಡಿಯ ವೇಗ ಇಳಿಸಿ ಎಳೆಯುವ ಶಕ್ತಿ ಹೆಚ್ಚಿಸುತ್ತದೆ. ನಮ್ಮ ರಾಯಚೂರು ಕಡೆಯ ಹಳೇ ಜೀಪುಗಳಲ್ಲಿ ಮುಂದಿನ ಗಾಲಿಯ ಲಿವರ್ ಹಿಡಿದು ಅಲ್ಲಾಡಿಸಿ ನೋಡಿ. ಕೆಲವುದರಲ್ಲಿ ಅದು ಸಡಿಲಾದ ಹಲ್ಲಿನ ಹಾಗೆ ಅತ್ತಿತ್ತ ಹೊರಳುತ್ತೆ, ಅಷ್ಟೇ. ಗಾಡಿಗೆ ಏನೂ ಆಗಲ್ಲ. ಅದು ಹಾಗಾಗಿದ್ದರ ಹಿಂದೆ ಸುಮಾರು ಎಂಬತ್ತು ವರ್ಷದ ಕಥೆ ಇದೆ.

ಎರಡನೇ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರೊಳಗೆ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಕೆಸರು, ಮರಳು, ಗುಡ್ಡ, ಎಲ್ಲಿ ಬಿಟ್ಟರೂ ಹೋಗಬೇಕು ಅನ್ನೋದೇ ಲೆಕ್ಕ. 1945ರಲ್ಲಿ ನಮ್ಮಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ ಶುರುವಾಯಿತು. ಪಾಲುದಾರ ಗುಲಾಂ ಮೊಹಮ್ಮದ್ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ವಿಲ್ಲಿಸ್ ಜೀಪುಗಳನ್ನು ಮುಂಬೈನಲ್ಲಿ ಜೋಡಿಸಿ ಮಾರತೊಡಗಿದ್ದು ಇದೇ ಕಂಪನಿ.

ಅದೇ 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, ಅದರ ಜೊತೆ ರಾಯಚೂರೂ ಬಂತು. 1953ರ ಹೊತ್ತಿಗೆ ತುಂಗಭದ್ರಾ ಅಣೆಕಟ್ಟು ಎದ್ದಿತು. ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಮಾನ್ವಿ, ಸಿಂಧನೂರು ಕಡೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಇಲ್ಲಿಯದು ಎರೆ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತೆ, ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಂಡು ಬಿಡಲ್ಲ. ಕಾಲುವೆ ಏರಿಯ ಮೇಲೆ ಓಡಾಡೋಕೆ ಜೀಪಿಗಿಂತ ಒಳ್ಳೆ ಗಾಡಿ ಇರಲಿಲ್ಲ.

ಮುಂದೆ ಟಾರು ರಸ್ತೆಗಳು ಬಂದವು. ಹರಾಜಿನಲ್ಲಿ, ಕೈ ಬದಲಾಗಿ ಸಿಕ್ಕ ಹಳೇ ಜೀಪುಗಳು ಊರಿಂದೂರಿಗೆ ಜನ ಹೊತ್ತವು. ಇಲ್ಲಿ ಒಂದು ತಾಂತ್ರಿಕ ವಿಷಯ ಇದೆ. ಈ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹೆಚ್ಚು ದೂರ ಸುತ್ತಬೇಕು. ಕೆಸರಿನಲ್ಲಾದರೆ ಗಾಲಿ ಜಾರಿ ಆ ವ್ಯತ್ಯಾಸ ಸರಿಹೋಗುತ್ತೆ. ಟಾರಿನ ಮೇಲೆ ಜಾರಲ್ಲ. ಸ್ಟೇರಿಂಗ್ ಬಿಗಿಯುತ್ತೆ, ಟೈರ್ ಸವೆಯುತ್ತೆ, ಲಿವರ್ ಕಚ್ಚಿಕೊಳ್ಳುತ್ತೆ. ಬಾಡಿಗೆ ಓಡಿಸೋನಿಗೆ ಈ ತಲೆನೋವು ಯಾಕೆ? ಕೆಲವರು ಲಿವರ್ ಕೊಂಡಿ ತಪ್ಪಿಸಿದರು. ಕೆಲವರು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿಟ್ಟರು.

ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯ ಪೋತ್ನಾಳದಲ್ಲಿ ನಮ್ಮ ಕಾಕಾ ಕೊಂಡಿದ್ದು ಅಂಥದ್ದೇ ಜೀಪು. ಮಾರಿದವನು ‘ಫೋರ್ ವೀಲ್ ಐತ್ರಿ’ ಅಂದಿದ್ದ. ಮೊದಲ ಮಳೆಗೇ ಗದ್ದೆ ದಾರಿಯಲ್ಲಿ ಹೂತು ನಿಂತಿತು. ಮುಂದಿನ ಗಾಲಿಯ ಲಿವರ್ ಸಡಿಲ, ಲೋ ಲಿವರ್ ಬೀಳುತ್ತಲೇ ಇಲ್ಲ. ಒಬ್ಬ ಮೆಕ್ಯಾನಿಕ್ ನೋಡಿ, ಟ್ರಾನ್ಸ್‌ಫರ್ ಕೇಸೇ ಹೋಗಿದೆ, ಪೂರ್ತಿ ಬದಲಿಸಬೇಕು ಅಂದ. ನಾಟಿ ಆಳುಗಳಿಗೆ ಇಟ್ಟಿದ್ದ ದುಡ್ಡು ಅದಕ್ಕೆ ಹೋಗೋದರಲ್ಲಿತ್ತು.

ನಾನು ರಜೆಗೆ ಹೋದಾಗ ಇನ್ನೊಬ್ಬ ವಯಸ್ಸಾದ ಮೇಸ್ತ್ರಿಯನ್ನು ಕರೆಸಿದ್ವಿ. ಅವರು ಎರಡೂ ಲಿವರ್ ಅಲ್ಲಾಡಿಸಿ ನೋಡಿ ನಕ್ಕರು: ‘ಕಾಕಾರ, ಎರಡು ಕೆಟ್ಟಿಲ್ರಿ. ಒಂದು ತಪ್ಪೈತಿ, ಅದಕ್ಕ ಇನ್ನೊಂದು ಬೀಳವಲ್ದು.’

ಯಾಕಂದರೆ ಈ ಟ್ರಾನ್ಸ್‌ಫರ್ ಕೇಸಿನೊಳಗೆ ಒಂದು ತಡೆ ಇದೆ. ಮುಂದಿನ ಗಾಲಿ ಸೇರದೆ ಲೋ ಗೇರ್ ಬೀಳಲ್ಲ. ಆ ಹೆಚ್ಚಿನ ಬಲವೆಲ್ಲ ಹಿಂದಿನ ಆಕ್ಸಲ್ ಒಂದರ ಮೇಲೇ ಬಿದ್ದರೆ ಅದು ಮುರಿಯಬಹುದು ಅಂತ ಮಾಡಿಟ್ಟ ವ್ಯವಸ್ಥೆ ಅದು.

ಮೇಸ್ತ್ರಿ ಎಂಜಿನ್ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಗಾಡಿ ಕೆಳಗೆ ಹೋದರು. ಲಿವರ್ ತೂಗುವ ಪಿನ್ ಸವೆದಿತ್ತು. ಲಿವರ್‌ನ ಕೆಳತುದಿ ಶಿಫ್ಟ್ ರಾಡಿನ ಸೀಳಿನಿಂದ ಹೊರಗಿತ್ತು. ರಾಡನ್ನು ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಟಕ್ ಅಂತ ಸರಿಯಾಗಿ ಕೂತಿತು. ಆಮೇಲೆ ಲೋ ಲಿವರ್ ಕೂಡ ಬಿತ್ತು. ಅಂದರೆ ಒಳಗೆಲ್ಲ ನೆಟ್ಟಗಿದೆ. ಆದರೆ ಮುಂದಿನ ಆಕ್ಸಲ್‌ಗೆ ಹೋಗಬೇಕಾದ ಶಾಫ್ಟ್ ಮಾತ್ರ ಇರಲಿಲ್ಲ. ಹೊಸ ಪಿನ್, ಗುಜರಿಯಲ್ಲಿ ಸಿಕ್ಕ ಶಾಫ್ಟ್, ಎರಡು ದಿನದ ಕೂಲಿ: ಇಷ್ಟರಲ್ಲೇ ಕೆಲಸ ಮುಗಿಯಿತು. ನಾಟಿಯೂ ತಡವಾಗಲಿಲ್ಲ.

ಇವತ್ತಿನ ಥಾರ್‌ನಲ್ಲೂ ಕೈಯಿಂದ ಎಳೆಯುವ ಫೋರ್ ವೀಲ್ ಲಿವರ್ ಬರುತ್ತೆ. ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದಾಗ ನಾವು ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳ್ತೀವಿ. ಎಲ್ಲಿ, ಯಾರಿಗಾಗಿ ಓಡಿದೆ ಅಂತಲೂ ಕೇಳಬೇಕು. ಹಿಂದಿನವನಿಗೆ ಬೇಡವಾದದ್ದು ನಿಮಗೆ ಬೇಕಾಗಿರಬಹುದು, ಅದನ್ನು ಅವನು ಬಿಚ್ಚಿಟ್ಟಿರಲೂಬಹುದು. ಮಣ್ಣಿನ ನೆಲದ ಮೇಲೆ ಲಿವರ್ ಹಾಕಿ ನಾಲ್ಕು ಹೆಜ್ಜೆ ಓಡಿಸಿ. ಮುಂದಿನ ಗಾಲಿ ಎಳೆಯದಿದ್ದರೆ ಬಿಡಿಭಾಗದ ಬೆಲೆ ವಿಚಾರಿಸುವ ಮೊದಲು ಒಂದು ಟಾರ್ಚ್ ಹಿಡಿದು ಗಾಡಿ ಕೆಳಗೆ ಮಲಗಿ ನೋಡಿ.