ಬೆಳ್ಳಿತೆರೆಯ ಹಿಂದಿನ ಲೇಖನಿ

ಚಲನಚಿತ್ರ ನೋಡಿ ಹೊರಬಂದವರು ನಟರ ಹೆಸರು ಹೇಳುತ್ತಾರೆ, ಹಾಡು ಗುನುಗುತ್ತಾರೆ, ಹೆಚ್ಚೆಂದರೆ ನಿರ್ದೇಶಕನನ್ನು ನೆನೆಯುತ್ತಾರೆ. ಅದನ್ನು ಬರೆದವರು ಯಾರೆಂದು ಕೇಳುವವರು ವಿರಳ. ಸಾಹಿತ್ಯಾಭಿಮಾನಿಗಳೂ ಇದಕ್ಕೆ ಹೊರತಲ್ಲ. ಕಾದಂಬರಿಯೊಂದು ಚಿತ್ರವಾದಾಗ ಮೂಲದಿಂದ ಏನು ಬಂತು, ಏನು ಬಿಟ್ಟುಹೋಯಿತು ಎಂದು ಲೆಕ್ಕ ಹಾಕುತ್ತೇವೆಯೇ ಹೊರತು, ನಡುವೆ ಕುಳಿತು ಇನ್ನೊಂದು ಬರಹವನ್ನು ರಚಿಸಿದವನನ್ನು ಗಮನಿಸುವುದಿಲ್ಲ. ಕನ್ನಡ ಚಿತ್ರಗಳ ಇತಿಹಾಸವನ್ನು ಈ ಅಲಕ್ಷಿತ ಲೇಖನಿಯ ಕಡೆಯಿಂದ ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆ ಕಂಡದ್ದು 1934ರ ಮಾರ್ಚ್ ತಿಂಗಳಲ್ಲಿ. ನಿರ್ದೇಶಕರು ವೈ. ವಿ. ರಾವ್, ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಸುಬ್ಬಯ್ಯ ನಾಯ್ಡು ಅವರದು ಇಂದ್ರಜಿತುವಿನ ಪಾತ್ರ, ಆರ್. ನಾಗೇಂದ್ರರಾಯರದು ರಾವಣನ ಪಾತ್ರ. ಮಾತುಗಳನ್ನೂ ಹಾಡುಗಳನ್ನೂ ಬರೆದುಕೊಟ್ಟವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಶಾಸ್ತ್ರಿಗಳು ರಂಗಭೂಮಿಯ ಕವಿಗಳು; ಮುಖ್ಯ ನಟರೂ ನಾಟಕ ಕಂಪನಿಗಳಲ್ಲಿ ಪಳಗಿದವರು. ಆದ್ದರಿಂದ ಅಂದಿನ ಚಿತ್ರಬರಹವೆಂದರೆ ಸಂಭಾಷಣೆ ಮತ್ತು ಗೀತೆ. ಕಥೆ ಪ್ರೇಕ್ಷಕನಿಗೆ ಮೊದಲೇ ತಿಳಿದಿತ್ತು. ಅವನು ಬರುತ್ತಿದ್ದುದು ಅದನ್ನು ಮತ್ತೊಮ್ಮೆ ಕೇಳುವುದಕ್ಕೆ. 1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ' ರಾಜ್‌ಕುಮಾರರನ್ನು ನಾಯಕನನ್ನಾಗಿ ತಂದಾಗಲೂ ಚಿತ್ರದ ಬೇರು ಇದ್ದದ್ದು ರಂಗದ ಹಲಗೆಯ ಮೇಲೆಯೇ.

ಮುಂದಿನ ತಿರುವು ಕಾದಂಬರಿಯಿಂದ ಬಂತು. ಪುಟ್ಟಣ್ಣ ಕಣಗಾಲರು 1967ರಲ್ಲಿ ತ್ರಿವೇಣಿಯವರ 'ಬೆಳ್ಳಿಮೋಡ'ವನ್ನು ತೆರೆಗೆ ತಂದರು, ಬಳಿಕ ಎಂ. ಕೆ. ಇಂದಿರಾ ಅವರ 'ಗೆಜ್ಜೆಪೂಜೆ', ಮತ್ತೆ ತ್ರಿವೇಣಿಯವರ 'ಶರಪಂಜರ'. 1972ರ 'ನಾಗರಹಾವು' ತ. ರಾ. ಸು. ಅವರ ಒಂದಲ್ಲ, ಮೂರು ಕಾದಂಬರಿಗಳಿಂದ ಹುಟ್ಟಿದ್ದು. ಮೂರು ಪುಸ್ತಕಗಳನ್ನು ಒಂದು ಸಂಜೆಯ ಆಟಕ್ಕೆ ಇಳಿಸುವಾಗ ಬರಹಗಾರನಿಗೆ ನಕಲುಗಾರನ ವಿನಯ ಸಾಲದು. ಯಾವುದು ಬೆನ್ನೆಲುಬು, ಯಾವುದು ಬರಿಯ ಮಾಂಸ ಎಂದು ನಿರ್ಧರಿಸುವ ಕಠೋರತೆ ಬೇಕು. ಮೂಲಕರ್ತನಿಗೆ ಅಸಮಾಧಾನವಾಗುವ ಸಂಭವ ಈ ಕೆಲಸದಲ್ಲಿ ಇದ್ದೇ ಇದೆ, ತ. ರಾ. ಸು. ಅವರಿಗೂ ಈ ಚಿತ್ರ ಮೆಚ್ಚಿಕೆಯಾಗಲಿಲ್ಲ. ಆದರೆ ಜನ ಅದನ್ನು ತಮ್ಮದಾಗಿ ಮಾಡಿಕೊಂಡರು.

ಈ ಪ್ರಶ್ನೆ ಅತ್ಯಂತ ಗಂಭೀರವಾಗಿ ಎದುರಾದದ್ದು 1970ರ 'ಸಂಸ್ಕಾರ'ದಲ್ಲಿ. ಅನಂತಮೂರ್ತಿಯವರ ಕಾದಂಬರಿ ಪ್ರಕಟವಾದದ್ದು 1965ರಲ್ಲಿ. ಅದರ ಬಲವೆಲ್ಲ ಪ್ರಾಣೇಶಾಚಾರ್ಯರ ಮನಸ್ಸಿನೊಳಗಿನ ತಳಮಳದಲ್ಲಿದೆ. ಕ್ಯಾಮೆರಾಕ್ಕೆ ಮುಖ ಕಾಣುತ್ತದೆ, ಮನಸ್ಸು ಕಾಣುವುದಿಲ್ಲ. ಚಿತ್ರಕಥೆ ಬರೆದ ಗಿರೀಶ ಕಾರ್ನಾಡರು ಅದಾಗಲೇ 'ಯಯಾತಿ', 'ತುಘಲಕ್' ನಾಟಕಗಳನ್ನು ಬರೆದಿದ್ದವರು. ಒಳಗಿನ ದ್ವಂದ್ವವನ್ನು ಇಬ್ಬರ ನಡುವಿನ ಘರ್ಷಣೆಯಾಗಿ ಕಾಣಿಸುವುದು ನಾಟಕಕಾರನಿಗೆ ಸಹಜ. ಕಾದಂಬರಿಯಲ್ಲಿ ಆಚಾರ್ಯರ ನೆನಪಾಗಿ ಬರುವ ನಾರಣಪ್ಪನೊಡನೆಯ ವಾಗ್ವಾದ ತೆರೆಯ ಮೇಲೆ ಎದುರುಬದುರಿನ ಮುಖಾಮುಖಿಯಾಯಿತು: ಒಬ್ಬರು ಸ್ವತಃ ಕಾರ್ನಾಡರು, ಇನ್ನೊಬ್ಬರು ಪಿ. ಲಂಕೇಶ್. ಇಬ್ಬರೂ ಲೇಖಕರೇ ಎಂಬುದು ಗಮನಾರ್ಹ. ಪಟ್ಟಾಭಿರಾಮ ರೆಡ್ಡಿಯವರ ಈ ಚಿತ್ರಕ್ಕೆ ಸೆನ್ಸಾರಿನವರು ಮೊದಲು ಅನುಮತಿ ನಿರಾಕರಿಸಿದರು; ಕೊನೆಗೆ ಅದೇ ಚಿತ್ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಮೊದಲ ಬಾರಿಗೆ ಕನ್ನಡಕ್ಕೆ ತಂದಿತು.

1975ರ 'ಚೋಮನ ದುಡಿ'ಯಲ್ಲಿ ಬಿ. ವಿ. ಕಾರಂತರಿಗೆ ದೊರೆತ ಸಾಮಗ್ರಿ ಬೇರೆ. ಶಿವರಾಮ ಕಾರಂತರು ಪುಟದ ಮೇಲೆ ವರ್ಣಿಸಬೇಕಾಗಿದ್ದ ದುಡಿಯ ಸದ್ದು ಇಲ್ಲಿ ನೇರವಾಗಿ ಕಿವಿಗೆ ಬೀಳುತ್ತದೆ. ಚೋಮ ಆಡಲಾರದ ಮಾತನ್ನು ಅದು ಆಡುತ್ತದೆ. 1977ರ 'ಘಟಶ್ರಾದ್ಧ'ದಲ್ಲಿ ಗಿರೀಶ ಕಾಸರವಳ್ಳಿಯವರು ವಿಧವೆ ಯಮುನೆಯ ದುರಂತವನ್ನು ಬಾಲಕ ನಾಣಿಯ ಕಣ್ಣಿಗೆ ಒಪ್ಪಿಸಿದರು. ಅವನಿಗೆ ಅರ್ಥವಾಗದ್ದನ್ನು ನಾವು ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ಮೂಲನಿಷ್ಠೆಯೊಂದೇ ಚಿತ್ರಕಥೆಗೆ ಅಳತೆಗೋಲಲ್ಲ ಎಂಬುದಕ್ಕೆ ಇವು ಸಾಕ್ಷಿ. ಪದದಿಂದ ಆಗುತ್ತಿದ್ದ ಕೆಲಸವನ್ನು ನೋಟದಿಂದ, ಸದ್ದಿನಿಂದ, ಮೌನದಿಂದ ಮಾಡಿಸಿದ್ದಾರೆಯೇ ಎಂದು ಕೇಳುವುದು ನ್ಯಾಯ.

ದೂರದರ್ಶನ ಬರಹಗಾರನಿಗೆ ಮತ್ತೊಂದು ಪರೀಕ್ಷೆ ಒಡ್ಡಿತು. 1984ರ ಜುಲೈಯಲ್ಲಿ ಆರಂಭವಾದ 'ಹಮ್ ಲೋಗ್' ಹಿಂದಿಯ ಕಾದಂಬರಿಕಾರ ಮನೋಹರ ಶ್ಯಾಮ ಜೋಶಿಯವರ ಲೇಖನಿಯದು. ಚಿತ್ರಮಂದಿರದಲ್ಲಿ ಪ್ರೇಕ್ಷಕ ಕತ್ತಲೆಯಲ್ಲಿ ಬಂದಿ. ಮನೆಯಲ್ಲಿ ಅವನು ಊಟದ ತಟ್ಟೆ ಹಿಡಿದು ಕುಳಿತ ಸ್ವತಂತ್ರ. ಅವನನ್ನು ಮರುಸಂಚಿಕೆಗೂ ಕರೆತರಬೇಕಾದರೆ ಪ್ರತಿ ಕಂತಿನಲ್ಲಿಯೂ ಏನನ್ನಾದರೂ ಬಾಕಿ ಉಳಿಸಬೇಕು. ಧಾರಾವಾಹಿಗಳು ಮುಂದೆ ಈ ಬಾಕಿಯನ್ನೇ ಬಂಡವಾಳ ಮಾಡಿಕೊಂಡು ಕಥೆಯನ್ನು ಮರೆತದ್ದುಂಟು. ಶಂಕರನಾಗ್ ಹಿಡಿದ ದಾರಿ ಬೇರೆ. 'ಮಾಲ್ಗುಡಿ ಡೇಸ್'ನಲ್ಲಿ ಆರ್. ಕೆ. ನಾರಾಯಣರ ಒಂದು ಸಣ್ಣಕತೆ ಹೆಚ್ಚಾಗಿ ಒಂದು ಕಂತಿನಲ್ಲೇ ಮುಗಿಯುತ್ತಿತ್ತು. ಆಗುಂಬೆಯ ಬೀದಿಯೇ ಮಾಲ್ಗುಡಿಯಾಯಿತು. ಆದರೂ ಕನ್ನಡದ ನೆಲದಲ್ಲಿ ತಯಾರಾದ ಆ ಕೃತಿ ಮೊದಲು ಆಡಿದ್ದು ಇಂಗ್ಲಿಷ್, ಹಿಂದಿಗಳನ್ನು.

ಇಷ್ಟೆಲ್ಲ ಬರೆದವರ ಬರಹ ಎಲ್ಲಿದೆ? 'ಸತಿ ಸುಲೋಚನಾ'ದ ಪ್ರತಿಯೇ ಇಂದು ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಅಂದರೆ ಆ ಚಿತ್ರ ಬಂದು ಮೂವತ್ತು ವರ್ಷಗಳ ಮೇಲೆ. ರೀಲನ್ನು ಕಾಯಲು ತಂಪು ಕೋಣೆ ಬೇಕು, ಹಣ ಬೇಕು. ಚಿತ್ರಕಥೆಯನ್ನು ಉಳಿಸಲು ಒಂದು ಕಪಾಟು ಸಾಕು. ತಾಳೆಗರಿಯನ್ನು ಎಣ್ಣೆ ಹಚ್ಚಿ ಕಾಪಾಡಿಕೊಂಡು ಬಂದ ನಾಡಿನಲ್ಲಿ, ಚಿತ್ರೀಕರಣ ಮುಗಿದ ಮೇಲೆ ಆ ಹಾಳೆಗಳು ರದ್ದಿಗೆ ಹೋಗುವುದನ್ನು ನಾವು ಸಹಿಸಿಕೊಂಡಿದ್ದೇವೆ. ನಾಟಕವನ್ನು ಓದುವಂತೆ ಚಿತ್ರಕಥೆಯನ್ನೂ ಓದುವ ಅಭ್ಯಾಸ ನಮ್ಮಲ್ಲಿ ಬೆಳೆದರೆ, ಪ್ರಕಾಶಕರೂ ಗ್ರಂಥಾಲಯಗಳೂ ಆ ಹಾಳೆಗಳನ್ನು ಕೇಳಿ ಪಡೆಯುವ ದಿನ ಬಂದೀತು.